ಸುಲ್ತಾನಪೇಟೆಯ ಮೆಟ್ಟಿಲುಗಳು

ನಮ್ಮ ಶಾಲೆಯ ಲೆಕ್ಕದ ಮೇಡಂ ನಿವೃತ್ತರಾಗುವ ತಿಂಗಳು. ಬೀಳ್ಕೊಡುಗೆಗೆ ಏನು ಕೊಡುವುದೆಂದು ಸ್ಟಾಫ್ ರೂಮಿನಲ್ಲಿ ಮೂರು ದಿನ ಚರ್ಚೆ ನಡೆಯಿತು. ಕೊನೆಗೆ ಎಂದಿನಂತೆ ಗೋಡೆ ಗಡಿಯಾರವೇ ಗೆದ್ದಿತು. ನನ್ನದೇ ಆಗಿ ಬೇರೆ ಏನಾದರೂ ಕೊಡಬೇಕೆಂದು ಅವಳನ್ನೇ ಕೇಳಿದೆ.

"ನಂದಿ ಬೆಟ್ಟ," ಎಂದಳು. "ಬಸ್ಸಿನಲ್ಲಲ್ಲ. ಸುಲ್ತಾನಪೇಟೆ ಕಡೆಯಿಂದ ಮೆಟ್ಟಿಲು ಹತ್ತಿ. ನೀನೂ ಜೊತೆಗೆ ಬರಬೇಕು."

ನನಗೆ ಐವತ್ತೆಂಟು, ಅವಳು ನನಗಿಂತ ಎರಡು ವರ್ಷಕ್ಕೆ ದೊಡ್ಡವಳು. ಇಬ್ಬರದೂ ಸೇರಿಸಿದರೆ ನಾಲ್ಕು ಮಂಡಿ. ಅದರಲ್ಲಿ ಒಂದೂವರೆ ಮಾತ್ರ ನೆಟ್ಟಗಿವೆ. ಆದರೆ ಕೇಳಿದವಳು ನಾನು, ಇಲ್ಲವೆನ್ನುವುದು ಹೇಗೆ?

ಅವಳ ವಿಷಯ ಎರಡು ಮಾತು ಹೇಳಬೇಕು. ಹುಟ್ಟಿ ಬೆಳೆದದ್ದು ಕೆಜಿಎಫ್‌ನಲ್ಲಿ. ಮನೆಯಲ್ಲಿ ಉರ್ದು, ಬೀದಿಯಲ್ಲಿ ತಮಿಳು, ಶಾಲೆಯಲ್ಲಿ ಕನ್ನಡ. ತಂದೆ ನಂದಿದುರ್ಗ ಮೈನಿನಲ್ಲಿ ಭೂಮಿಯೊಳಗೆ ಇಳಿದು ದುಡಿದವರು. ಚಿನ್ನದ ಗಣಿಗೆ ಈ ಬೆಟ್ಟದ ಹೆಸರೇ ಇಟ್ಟಿದ್ದರು. "ನಮ್ಮಪ್ಪ ಮೂವತ್ತು ವರ್ಷ ದಿನಾ ನಂದಿದುರ್ಗಕ್ಕೆ ಹೋಗಿಬರುತ್ತಿದ್ದರು, ಒಂದು ಸಲವೂ ಬೆಟ್ಟ ನೋಡಲಿಲ್ಲ" ಎಂದು ಆಗಾಗ ಹೇಳುತ್ತಿದ್ದಳು. ಶಾಲೆಯಲ್ಲಿ ಮಕ್ಕಳೆದುರು ನಾವಿಬ್ಬರೂ 'ನೀವು', 'ಮೇಡಂ'. ಬಸ್ಸು ಹತ್ತಿದ ಮೇಲೆ 'ನೀನು'. ಇಪ್ಪತ್ತೈದು ವರ್ಷದಿಂದ ನಡೆದುಬಂದ ರೂಢಿ ಇದು.

ಡಿಸೆಂಬರಿನ ಒಂದು ಭಾನುವಾರ, ಇನ್ನೂ ಬೆಳಕು ಹರಿಯುವ ಮುಂಚೆ ಹೊರಟೆವು. ನಾನು ಚಿತ್ರಾನ್ನ ಕಟ್ಟಿದ್ದೆ, ಅವಳು ಬೇಯಿಸಿದ ಕಡಲೆಕಾಯಿ ಮತ್ತು ಒಂದು ಫ್ಲಾಸ್ಕ್ ಚಹಾ ತಂದಿದ್ದಳು. ಕಾಲಿಗೆ ಮಗನ ಹಳೆಯ ಕ್ಯಾನ್ವಾಸ್ ಷೂ. ಸೀರೆಯ ಕೆಳಗೆ ಷೂ ಹಾಕಿಕೊಂಡು ಆಟೋ ಇಳಿದ ನಮ್ಮನ್ನು ಕಂಡು ಊರ ಮುಂದೆ ನೀರು ಹಿಡಿಯುತ್ತಿದ್ದ ಹೆಂಗಸೊಬ್ಬಳು, "ಹರಕೆ ಏನಮ್ಮಾ?" ಎಂದು ಕೇಳಿದಳು. "ಹೌದು, ಇವರದು" ಎಂದು ಗೆಳತಿ ನನ್ನ ಕಡೆ ಬೆರಳು ತೋರಿಸಿದಳು.

ಮೊದಲ ಮೆಟ್ಟಿಲಿನಿಂದಲೇ ಅವಳ ಎಣಿಕೆ ಶುರುವಾಯಿತು. ಇಲ್ಲಿ 1175 ಮೆಟ್ಟಿಲು ಎಂದು ಎಲ್ಲರೂ ಹೇಳುತ್ತಾರೆ. ಲೆಕ್ಕದ ಟೀಚರಿಗೆ 'ಎಲ್ಲರೂ ಹೇಳುತ್ತಾರೆ' ಎಂದರೆ ಏನೂ ಅರ್ಥವಿಲ್ಲ. ನೂರಕ್ಕೊಂದು ಕಡಲೆಕಾಯಿಯನ್ನು ಎಡಗೈ ಚೀಲಕ್ಕೆ ಹಾಕುತ್ತಾ, ತುಟಿ ಅಲುಗಿಸುತ್ತಾ ಹತ್ತತೊಡಗಿದಳು. ಹಾಗಾಗಿ ಮೊದಲರ್ಧ ಗಂಟೆ ಮಾತೆಲ್ಲ ನನ್ನದೇ. ಅದೂ ಬರುಬರುತ್ತಾ ನಿಂತುಹೋಯಿತು. ಮೆಟ್ಟಿಲೆಂದರೆ ನಮ್ಮ ಮನೆಯ ಮೆಟ್ಟಿಲಿನ ಅಳತೆಯಲ್ಲ. ಒಂದು ಗೇಣು ಎತ್ತರ, ಮುಂದಿನದು ಮೊಳದಷ್ಟು. ಎಲ್ಲೋ ಚಪ್ಪಟೆ ಕಲ್ಲು ಜೋಡಿಸಿದ್ದು, ಎಲ್ಲೋ ಬಂಡೆಯನ್ನೇ ಕಡಿದದ್ದು, ಎಲ್ಲೋ ಮಳೆ ನೀರು ಎಳೆದುಕೊಂಡು ಹೋಗಿ ಬರೀ ಗುಂಡಿ. ಎರಡು ಕಡೆಯೂ ಕುರುಚಲು, ಲಂಟಾನ. ಇಬ್ಬನಿಗೆ ಕಲ್ಲು ಜಾರುತ್ತಿತ್ತು. ಮುನ್ನೂರು ದಾಟುವ ಹೊತ್ತಿಗೆ ನನ್ನ ಎದೆ ತಮಟೆಯಂತೆ ಬಡಿಯುತ್ತಿತ್ತು. ಮೇಲೆ ನೋಡಿದರೆ ಬೆಟ್ಟ ಇನ್ನೂ ಅಷ್ಟೇ ದೂರ.

ಮೂವತ್ತು ವರ್ಷ ನಾನು ಮೂರನೆಯ ಮೈಸೂರು ಯುದ್ಧದ ಪಾಠ ಮಾಡಿದ್ದೇನೆ. 1790ರಿಂದ 1792. ಕಾರಣಗಳು, ಘಟನೆಗಳು, ಪರಿಣಾಮಗಳು. ಕಾರ್ನ್‌ವಾಲಿಸ್ ಬೆಂಗಳೂರು ಹಿಡಿದ, ಶ್ರೀರಂಗಪಟ್ಟಣದ ಒಪ್ಪಂದವಾಯಿತು, ಅರ್ಧ ರಾಜ್ಯ ಹೋಯಿತು, ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿ ದಂಡ, ಇಬ್ಬರು ಮಕ್ಕಳು ಒತ್ತೆ. ಪರೀಕ್ಷೆಯಲ್ಲಿ ನಾಲ್ಕು ಅಂಕ. ನಂದಿದುರ್ಗ ಆ ಪಾಠದಲ್ಲಿ ಬಂದರೆ ಅರ್ಧ ಸಾಲು, ಬಾರದಿದ್ದರೂ ಯಾರೂ ಅಂಕ ಕಳೆಯುವುದಿಲ್ಲ.

ನಾನೂರನೆಯ ಮೆಟ್ಟಿಲಿನ ಮೇಲೆ ಕುಳಿತು ಉಸಿರು ಬಿಡುವಾಗ ಆ ಅರ್ಧ ಸಾಲಿನ ತೂಕ ತಿಳಿಯಿತು. 1791ರ ಮಾರ್ಚ್‌ನಲ್ಲಿ ಬೆಂಗಳೂರಿನ ಕೋಟೆ ಬಿದ್ದ ಮೇಲೆ ಕಾರ್ನ್‌ವಾಲಿಸ್ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಹತ್ತಿರ ಹೋಗಿ ಬರಿಗೈಯಲ್ಲಿ ಹಿಂದಿರುಗಿದ. ಮಳೆ ಹಿಡಿಯಿತು, ಎತ್ತುಗಳು ರೋಗ ಬಂದು ಸತ್ತವು, ಎಳೆಯುವವರಿಲ್ಲದ ದೊಡ್ಡ ತೋಪುಗಳನ್ನು ತಾನೇ ಒಡೆಸಿಹಾಕಬೇಕಾಯಿತು. ಮತ್ತೊಮ್ಮೆ ಹೋಗಬೇಕಾದರೆ ಬೆನ್ನ ಹಿಂದಿನ ದಾರಿ ಭದ್ರವಾಗಿರಬೇಕು, ದವಸ ಬರುತ್ತಿರಬೇಕು. ಉತ್ತರದಲ್ಲಿ ನಿಜಾಮನ ಸೀಮೆಯಿಂದ ಬೆಂಗಳೂರಿಗೆ ಬರುವ ದಾರಿಯ ಮೇಲೆ ಕಣ್ಣಿಟ್ಟು ಕೂತಿದ್ದುದು ಈ ಬೆಟ್ಟ. ಚಿಕ್ಕಬಳ್ಳಾಪುರದ ಪಾಳೆಯಗಾರರ ಕೈಯಲ್ಲಿದ್ದು, ಹೈದರ್ ಟಿಪ್ಪು ಇಬ್ಬರೂ ಗಟ್ಟಿ ಮಾಡಿದ್ದ ಕೋಟೆ. ಹೆಚ್ಚಿನ ಕಡೆ ಕಡಿದಾದ ಬಂಡೆ. ಹತ್ತಬಹುದಾದ ಇಳಿಜಾರು ಒಂದೇ ಕಡೆ, ಅಲ್ಲಿ ಜೋಡಿ ಗೋಡೆ.

ಮೇಜರ್ ಗೌಡಿ ಎಂಬ ಅಧಿಕಾರಿ ಸೆಪ್ಟೆಂಬರ್ ಕೊನೆಗೆ ಮುತ್ತಿಗೆ ಹಾಕಿದ. ಮುತ್ತಿಗೆ ಎಂದರೆ ಮಕ್ಕಳ ಮನಸ್ಸಿಗೆ ಬರುವುದು ಕುದುರೆ, ಕತ್ತಿ, ಜಯಘೋಷ. ಇಲ್ಲಿ ಮೂರು ವಾರ ನಡೆದದ್ದು ಕೂಲಿ ಕೆಲಸ. ಕಾಡು ಸವರಿ, ಬಂಡೆ ಕಡಿದು, ಇಳಿಜಾರಿನಲ್ಲಿ ದಾರಿ ಮಾಡಿ, ಆನೆಗಳನ್ನು ಹಚ್ಚಿ, ಮನುಷ್ಯರನ್ನು ಹಚ್ಚಿ ತೋಪುಗಳನ್ನು ಮೇಲಕ್ಕೆ ಎಳೆಸಿದರು. ನಾನು ಒಂದು ಡಬ್ಬಿ ಚಿತ್ರಾನ್ನ ಹೊತ್ತು ನಾನೂರಕ್ಕೇ ಕುಸಿದು ಕೂತಿದ್ದೆ. ಯಾವ ಊರಿನವರೋ ಕಬ್ಬಿಣ ಎಳೆದರು. ಎಳೆದವರ ಹೆಸರು ಯಾವ ಪುಸ್ತಕದಲ್ಲೂ ನಾನು ಕಂಡಿಲ್ಲ; ಗೌಡಿಯ ಹೆಸರು ಕಂಡಿದ್ದೇನೆ.

ಅಕ್ಟೋಬರ್ 19ರ ರಾತ್ರಿ, ಗೋಡೆ ಎರಡು ಕಡೆ ಒಡೆದಿದ್ದಾಗ, ಜನರಲ್ ಮೆಡೋಸ್‌ನ ನೇತೃತ್ವದಲ್ಲಿ ನುಗ್ಗಿದರು. ಚಂದ್ರ ಹುಟ್ಟುವುದನ್ನು ಕಾಯುತ್ತಾ ಕತ್ತಲಲ್ಲಿ ಕೂತಿದ್ದಾಗ ಸಿಪಾಯಿಯೊಬ್ಬ ಪಕ್ಕದವನ ಕಿವಿಯಲ್ಲಿ, ಅಲ್ಲಿ ಸುರಂಗ ಹೂಳಿದ್ದಾರಂತೆ ಎಂದನಂತೆ. ಮೆಡೋಸ್‌ಗೆ ಅದು ಕೇಳಿಸಿತು. ಇಂಗ್ಲಿಷಿನಲ್ಲಿ ಮದ್ದಿನ ಸುರಂಗಕ್ಕೂ ಗಣಿಗೂ ಒಂದೇ ಮಾತು, ಮೈನ್. ಹೌದು, ಇದೆ, ಚಿನ್ನದ್ದು ಎಂದುಬಿಟ್ಟನಂತೆ.

ಇದನ್ನು ಹೇಳಿದಾಗ ಗೆಳತಿ ಎಣಿಕೆ ಬಿಟ್ಟು ನಕ್ಕಳು. ಮೆಟ್ಟಿಲ ಮೇಲೆ ಕೂತು ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕಳು. "ಅವನು ತಮಾಷೆಗೆ ಅಂದ. ಆಮೇಲೆ ನೂರು ವರ್ಷಕ್ಕೆ ಅದೇ ಹೆಸರಿನ ಗಣಿ ತೋಡಿದರಲ್ಲ! ನಮ್ಮಪ್ಪನಿಗೆ ಇದು ಗೊತ್ತಿದ್ದಿದ್ದರೆ..." ಎಂದು ಮಾತು ಅಲ್ಲಿಗೇ ನಿಲ್ಲಿಸಿದಳು. ಗಣಿಯ ಧೂಳು ಅವರ ಎದೆಯಲ್ಲಿ ಕೂತಿತ್ತು. ಕೊನೆಯ ವರ್ಷಗಳಲ್ಲಿ ಮನೆಯ ಮೂರು ಮೆಟ್ಟಿಲು ಹತ್ತಲೂ ಮಧ್ಯೆ ನಿಲ್ಲುತ್ತಿದ್ದರಂತೆ. ಕೆಜಿಎಫ್ ಗಣಿ ಮುಚ್ಚಿದ್ದು 2001ರ ಫೆಬ್ರವರಿ ಕೊನೆಗೆ. ಅದನ್ನು ನೋಡಲು ಅವರಿರಲಿಲ್ಲ. ಈ ಬೆಟ್ಟ ಸಮುದ್ರಮಟ್ಟದಿಂದ 1478 ಮೀಟರ್. ಅಲ್ಲಿಯ ಚಾಂಪಿಯನ್ ರೀಫ್ ಗಣಿ ಅದರ ಎರಡರಷ್ಟಕ್ಕಿಂತ ಹೆಚ್ಚು ಆಳ, ಮೂರು ಕಿಲೋಮೀಟರಿಗೂ ಮೀರಿದ್ದು. ಈ ಲೆಕ್ಕ ಅವಳೇ ಹಾಕಿ ಹೇಳಿದ್ದು. ನಂದಿಯ ಆಸುಪಾಸಿನಲ್ಲಿ ಹುಟ್ಟುವ ಪಾಲಾರ್ ಹೊಳೆ ಬೇತಮಂಗಲದ ಕೆರೆ ತುಂಬಿ, ಅಲ್ಲಿಂದ ಗಣಿಯ ಊರಿಗೆ ನೀರು ಹೋಗುತ್ತಿತ್ತು. "ನಾನು ಕುಡಿದು ಬೆಳೆದದ್ದು ಇಲ್ಲಿಯ ನೀರೇ ಕಣೆ" ಎಂದು ಎದ್ದಳು. ಎದ್ದ ಮೇಲೆ ಎಷ್ಟಕ್ಕೆ ನಿಲ್ಲಿಸಿದ್ದೆ ಎಂದು ಮರೆತಿತ್ತು. ಚೀಲದ ಕಡಲೆಕಾಯಿ ಎಣಿಸಿದರೆ ಮೂರೇ ಇದ್ದವು. ನಾಲ್ಕನೆಯದನ್ನು ನಾನು ಕತೆ ಹೇಳುತ್ತಾ ತಿಂದುಬಿಟ್ಟಿದ್ದೆ.

ಆ ರಾತ್ರಿಯ ದಾಳಿಯಲ್ಲಿ ಇಂಗ್ಲಿಷರ ಕಡೆ ಸತ್ತವರು, ಗಾಯಗೊಂಡವರು ಕೆಲವೇ ಡಜನ್. ಅವರಲ್ಲಿ ಹೆಚ್ಚಿನವರಿಗೆ ತಗಲಿದ್ದು ಗುಂಡಲ್ಲ, ಮೇಲಿನಿಂದ ಉರುಳಿಸಿದ ಕಲ್ಲು. ಒಳಗಿನ ಬಾಗಿಲು ಮುರಿದ ಮೇಲೆ ಕೋಟೆಯವರಲ್ಲಿ ಬಹಳ ಮಂದಿ ಹಗ್ಗ ಏಣಿ ಹಿಡಿದು ಗೋಡೆಯ ತಗ್ಗಾದ ಕಡೆಯಿಂದ ಕತ್ತಲೆಯಲ್ಲಿ ಇಳಿದು ಪಾರಾದರೆಂದು ಆ ಕಾಲದ ಇಂಗ್ಲಿಷ್ ಬರಹಗಳು ಹೇಳುತ್ತವೆ. ಇಳಿದವರು, ಹತ್ತಿದವರು ಇಬ್ಬರಲ್ಲೂ ಈ ನೆಲದ ಸಿಪಾಯಿಗಳೇ ಬಹಳ.

ಎಂಟುನೂರರ ಆಚೆ ಏನಾಯಿತೆಂದು ಬರೆಯಲು ನನ್ನ ಬಳಿ ಏನೂ ಇಲ್ಲ. ಬರೀ ಕಾಲು, ಕಲ್ಲು, ಉಸಿರು. ಕಾಲೇಜು ಹುಡುಗರ ಗುಂಪೊಂದು "ಆಂಟಿ, ಸೂಪರ್!" ಎನ್ನುತ್ತಾ ನಮ್ಮನ್ನು ದಾಟಿ ಓಡಿತು. ಕೊನೆಗೆ ಕೋಟೆಯ ಗೋಡೆ ಕಂಡು, ಬಾಗಿಲು ದಾಟಿ ಮೇಲೆ ಬಂದಾಗ ಅವಳ ಎಣಿಕೆ 1148ಕ್ಕೆ ನಿಂತಿತ್ತು. "ಗುಂಡಿಗಳನ್ನು ಸೇರಿಸಿಲ್ಲ" ಎಂದಳು, ಸಮಾಧಾನವಿಲ್ಲದ ಮುಖದಲ್ಲಿ.

ಮೇಲೆ ನೀಲಗಿರಿ ಮರಗಳ ಕೆಳಗೆ ಬುತ್ತಿ ಬಿಚ್ಚಿದೆವು. ಕೋತಿಗಳಿಗೆ ಹೆದರಿ ಇಬ್ಬರೂ ಎದುರುಬದುರು ಕೂತು ಮಧ್ಯೆ ಡಬ್ಬಿ ಇಟ್ಟುಕೊಂಡೆವು. ಭಾರತಕ್ಕೆ ನೀಲಗಿರಿ ಮರ ಮೊದಲು ಬಂದದ್ದು ಇದೇ ಬೆಟ್ಟಕ್ಕೆ, ಸುಮಾರು 1790ರಲ್ಲಿ ಟಿಪ್ಪು ತನ್ನ ತೋಟಕ್ಕೆ ತರಿಸಿದ ಎಂದು ಎಷ್ಟೋ ಪುಸ್ತಕಗಳು ಬರೆಯುತ್ತವೆ. ನಾನೂ ಮಕ್ಕಳಿಗೆ ಹೇಳಿದ್ದೇನೆ. ಈಗಲೂ ಹೇಳಿದೆ.

"ಆ ಮರದ ಊರು ಯಾವುದು?" ಎಂದಳು.

"ಆಸ್ಟ್ರೇಲಿಯ."

"ಇಂಗ್ಲಿಷರು ಅಲ್ಲಿ ನೆಲೆ ಊರಿದ್ದು ಯಾವಾಗ?"

1788ರ ಜನವರಿ. ಆ ಮರದ ಜಾತಿಗೆ ಯೂಕಲಿಪ್ಟಸ್ ಎಂದು ಸಸ್ಯಶಾಸ್ತ್ರದವರು ಹೆಸರಿಟ್ಟದ್ದೂ 1788ರಲ್ಲೇ. ಕೋಟೆ ಟಿಪ್ಪುವಿನ ಕೈ ಬಿಟ್ಟದ್ದು 1791ರ ಅಕ್ಟೋಬರ್.

"ಮೂರು ವರ್ಷ ಒಂಬತ್ತು ತಿಂಗಳು," ಎಂದಳು, ಬೆರಳಿನ ಚಿತ್ರಾನ್ನ ಒರೆಸಿಕೊಳ್ಳುತ್ತಾ. "ಅದರೊಳಗೆ ಬೀಜ ಅಲ್ಲಿಂದ ಹಡಗು ಹತ್ತಬೇಕು, ಅದೂ ಇಂಗ್ಲಿಷರ ಹಡಗು, ಅವರ ವೈರಿಯ ಕೈ ಸೇರಬೇಕು, ಬೆಟ್ಟ ಹತ್ತಬೇಕು, ಮೊಳೆಯಬೇಕು. ಆಗಬಾರದು ಅಂತಲ್ಲ. ಆದರೆ ಸ್ಟೆಪ್ಸ್ ಎಲ್ಲಿ? ನನ್ನ ಕ್ಲಾಸಿನಲ್ಲಿ ಉತ್ತರ ಸರಿಯಿದ್ದರೂ ಸ್ಟೆಪ್ಸ್ ಬರೆಯದಿದ್ದರೆ ಮಾರ್ಕ್ಸ್ ಇಲ್ಲ."

ನನ್ನ ಪಾಠಕ್ಕೆ ಒಂದು ಸೊನ್ನೆ ಬಿತ್ತೆಂದು ಇಬ್ಬರೂ ನಕ್ಕೆವು. ಆಮೇಲೆ ಕಬ್ಬನ್ನನ ಬಂಗಲೆಯ ಕಡೆ ನಡೆದೆವು. ಮೈಸೂರಿನ ಕಮಿಷನರಾಗಿ 1834ರಿಂದ 1861ರವರೆಗೆ ಆಳಿದ ಮಾರ್ಕ್ ಕಬ್ಬನ್ ಬೇಸಿಗೆಗೆ ಇಲ್ಲಿಗೆ ಬರುತ್ತಿದ್ದ. ಈಗ ಅದು ನೆಹರೂ ನಿಲಯ. ಗಾಂಧೀಜಿ 1927ರಲ್ಲಿ ಕಾಯಿಲೆಯಿಂದ ಚೇತರಿಸಿಕೊಳ್ಳಲು, ಮತ್ತೆ 1936ರಲ್ಲಿ ಬಂದು ಉಳಿದದ್ದು ಇನ್ನೊಂದು ಬಂಗಲೆಯಲ್ಲಿ. ಅದಕ್ಕೆ ಗಾಂಧಿ ನಿಲಯವೆಂದು ಹೆಸರು. ಇವೆಲ್ಲ ಬೋರ್ಡಿನ ಮೇಲೆ ಇರುವ ಸಂಗತಿಗಳು. ಅವಳು ಕೇಳಿಸಿಕೊಂಡಳೋ ಇಲ್ಲವೋ. ಅವಳ ಕಾಲು ತಾನಾಗಿ ಬೇರೆ ಕಡೆ ಹೋಗುತ್ತಿತ್ತು. ಎಲ್ಲಿಗೆಂದು ನನಗೂ ಗೊತ್ತಿತ್ತು.

ಟಿಪ್ಪು ಡ್ರಾಪ್. ಬಂಡೆಯ ಅಂಚು, ಕೆಳಗೆ ಹೊಲ ಕೆರೆಗಳು ಮಕ್ಕಳ ಡ್ರಾಯಿಂಗ್ ಪುಸ್ತಕದ ಹಾಗೆ. ಈಗ ಕಂಬಿ ಹಾಕಿದ್ದಾರೆ. ಅದನ್ನು ಹಿಡಿದು ಸ್ವಲ್ಪ ಹೊತ್ತು ನಿಂತಳು.

"2003ರಲ್ಲಿ ಮಕ್ಕಳನ್ನು ಕರೆದುಕೊಂಡು ಬಂದಿದ್ದೆವು. ನೆನಪಿದೆಯಾ ನಿಮಗೆ?"

'ನಿಮಗೆ' ಎಂದಳು. ಸುತ್ತ ಮಕ್ಕಳು ಯಾರೂ ಇರಲಿಲ್ಲ.

ನೆನಪಿಲ್ಲದೆ ಏನು? ಒಂಬತ್ತನೆಯ ಕ್ಲಾಸಿನ ಮಕ್ಕಳನ್ನು ಇದೇ ಬಂಡೆಯ ಹತ್ತಿರ ನಿಲ್ಲಿಸಿ ನಾನು ಕತೆ ಹೇಳಿದ್ದೆ. ಟಿಪ್ಪು ತನ್ನ ಕೈದಿಗಳನ್ನು ಇಲ್ಲಿಂದ ತಳ್ಳಿಸುತ್ತಿದ್ದ, ಬಿದ್ದವರ ಮೂಳೆಯೂ ಸಿಗುತ್ತಿರಲಿಲ್ಲ ಎಂದು. ಕೈ ಬೀಸಿ, ಸ್ವರ ತಗ್ಗಿಸಿ, ಚೆನ್ನಾಗಿಯೇ ಹೇಳಿದ್ದೆ. ಕತೆ ಹೇಳುವುದರಲ್ಲಿ ನನಗೆ ಹೆಸರಿತ್ತು. ಒಬ್ಬ ಹುಡುಗ, "ಎಷ್ಟು ಜನ ಮಿಸ್?" ಎಂದ. "ನೂರಾರು" ಎಂದೆ. ಆಗ ಎರಡು ಮೂರು ಹುಡುಗರು ತಲೆ ತಿರುಗಿಸಿ ಲೆಕ್ಕದ ಮೇಡಂ ಕಡೆ ನೋಡಿದರು. ಏನೂ ಅನ್ನಲಿಲ್ಲ, ನೋಡಿದರು ಅಷ್ಟೆ. ಅವರು ನೋಡಿದ್ದನ್ನು ನಾನು ನೋಡಿದೆ. ನೋಡಿಯೂ ಕತೆ ಮುಂದುವರಿಸಿದೆ.

"ನಾನು ಆಗ ಮಕ್ಕಳ ತಲೆ ಎಣಿಸುತ್ತಿದ್ದೆ," ಎಂದಳು. "ಅರವತ್ತೆರಡು ಮಕ್ಕಳು. ನಲವತ್ತರ ಹತ್ತಿರ ಲೆಕ್ಕ ತಪ್ಪಿಹೋಯಿತು. ಮತ್ತೆ ಒಂದರಿಂದ ಶುರು ಮಾಡಿದೆ. ಆ ನೂರಾರು ಎಲ್ಲಿಂದ ಬಂತು, ಹೇಳಿ?"

ಬಸ್ಸಿನಲ್ಲಿ ಬರುವಾಗಲೂ, ಅದಾದ ಇಪ್ಪತ್ತು ಚಿಲ್ಲರೆ ವರ್ಷಗಳಲ್ಲೂ ಅವಳು ಇದನ್ನು ಕೇಳಿರಲಿಲ್ಲ. ನಮ್ಮ ಮನೆಯ ಮದುವೆಗೆ ಬಂದು ಬಡಿಸಿದ್ದಾಳೆ. ನನ್ನ ಗಂಡ ಆಸ್ಪತ್ರೆಯಲ್ಲಿದ್ದಾಗ ಹನ್ನೊಂದು ರಾತ್ರಿ ನನ್ನ ಪಕ್ಕದ ಬೆಂಚಿನ ಮೇಲೆ ಮಲಗಿದ್ದಾಳೆ.

ಎಲ್ಲಿಂದ ಬಂತೆಂದು ನಾನೂ ಯೋಚಿಸಿದೆ. ಕೈದಿಗಳನ್ನು ತಳ್ಳಿದ ಮಾತು ನನಗೆ ನಮ್ಮ ಮೇಷ್ಟ್ರಿಂದ ಬಂದದ್ದು, ಅವರು ನಮ್ಮನ್ನು ಪ್ರವಾಸಕ್ಕೆ ಕರೆತಂದಾಗ. ಅವರಿಗೆ ಗೈಡು ಹೇಳಿರಬೇಕು. ಯಾವ ವರ್ಷ, ಯಾವ ಕೈದಿ, ಯಾರು ಕಂಡವರು, ಒಂದನ್ನೂ ನಾನು ಕೇಳಿರಲಿಲ್ಲ. ನೂರಾರು ಎಂಬುದು, ಮೂಳೆ ಎಂಬುದು ನನ್ನದೇ. ಮಕ್ಕಳು ಕಣ್ಣರಳಿಸಿದ್ದರು, ನಾಲಿಗೆ ಓಡಿತು.

ಹಾಗೆಯೇ ಹೇಳಿದೆ. ಆಮೇಲೆ, ಹೇಳಿದ್ದು ಸಾಲದೆಂದೋ ಏನೋ, ಟೀಚರ ಚಾಳಿಯಂತೆ ಪಾಠಕ್ಕೆ ಇಳಿದೆ. ಟಿಪ್ಪು ಕೊಡಗಿನಲ್ಲಿ, ಮಲಬಾರಿನಲ್ಲಿ ಎಷ್ಟು ಕ್ರೂರವಾಗಿ ನಡೆದುಕೊಂಡ ಎಂಬುದಕ್ಕೆ ಅವನ ಕಾಗದಗಳೇ ಇವೆ. ಈ ಕೋಟೆ ಬಿದ್ದ ಅದೇ 1791ರಲ್ಲಿ ಮರಾಠರ ಕಡೆಯ ದಂಡು ಶೃಂಗೇರಿಯನ್ನು ಲೂಟಿ ಮಾಡಿದಾಗ ಮಠಕ್ಕೆ ನೆರವು ಕಳಿಸಿ ಬರೆದ ಕನ್ನಡ ಕಾಗದಗಳೂ ಇವೆ, 1916ರಲ್ಲಿ ಆರ್. ನರಸಿಂಹಾಚಾರ್ಯರು ಅವನ್ನು ಬೆಳಕಿಗೆ ತಂದರು. ಎರಡನ್ನೂ ಓದಬೇಕು. ಅದಕ್ಕೂ ಈ ಬಂಡೆಗೂ...

"ನಾನು ಅವನ ವಕೀಲಳಲ್ಲ ಮೇಡಂ," ಎಂದು ತಡೆದಳು. "ಅವನು ಒಳ್ಳೆಯವನೋ ಕೆಟ್ಟವನೋ ನನಗೆ ಏನಾಗಬೇಕು? ನಮ್ಮದು ಗಣಿಯವರ ಮನೆ. ಅಪ್ಪನ ಅಪ್ಪ ಯಾರೆಂದೇ ಸರಿಯಾಗಿ ಗೊತ್ತಿಲ್ಲ. ಆದರೆ ಆ ಹುಡುಗರು ನನ್ನ ಕಡೆ ನೋಡಿದರಲ್ಲ, ಮಾರನೆ ದಿನ ಅದೇ ಕ್ಲಾಸಿಗೆ ಹೋಗಿ ಬೀಜಗಣಿತ ಮಾಡಬೇಕಾಗಿತ್ತು ನಾನು."

ನಾನು ಸುಮ್ಮನಾದೆ. ಮರುವರ್ಷದಿಂದ ಪ್ರವಾಸದಲ್ಲಿ ಆ ಕತೆ ಹೇಳುವುದನ್ನು ಬಿಟ್ಟಿದ್ದೆ. ಅದು ಆಧಾರ ಹುಡುಕಿ ನೋಡಿ ಬಿಟ್ಟದ್ದಲ್ಲ. ತಿರುಗಿದ ಆ ತಲೆಗಳು ನೆನಪಾಗಿ ಬಿಟ್ಟದ್ದು. ಆದರೆ ಆ ಅರವತ್ತೆರಡು ಮಕ್ಕಳನ್ನು ಕೂರಿಸಿ, ನಾನು ಹೇಳಿದ್ದರಲ್ಲಿ ಇಷ್ಟು ಕೇಳಿದ್ದು, ಇಷ್ಟು ಕಟ್ಟಿದ್ದು ಎಂದು ತಿದ್ದಿ ಹೇಳಲಿಲ್ಲ. ಅವರಿಗೆ ಈಗ ಮೂವತ್ತೈದರ ಮೇಲಾಗಿದೆ. ತಮ್ಮ ಮಕ್ಕಳನ್ನು ಇಲ್ಲಿಗೆ ಕರೆತಂದಿರುತ್ತಾರೆ. ಕಂಬಿ ಹಿಡಿದು ನಿಲ್ಲಿಸಿ ಏನು ಹೇಳುತ್ತಾರೋ.

"ತಪ್ಪಾಯಿತು ಅಕ್ಕಾ" ಎಂದೆ. ಬೇರೆ ಏನೂ ತೋಚಲಿಲ್ಲ.

ಅವಳು ಉತ್ತರ ಕೊಡಲಿಲ್ಲ. ಫ್ಲಾಸ್ಕ್ ತೆಗೆದು ಮುಚ್ಚಳಕ್ಕೆ ಚಹಾ ಬಗ್ಗಿಸಿ ಮೊದಲು ನನಗೆ ಕೊಟ್ಟಳು. ಚಹಾ ಆರಿಹೋಗಿತ್ತು. ಕೆಳಗೆ ಮಂಜು ಸರಿದು ನಂದಿ ಗ್ರಾಮದ ಕಡೆ ಬಿಸಿಲು ಬಿದ್ದಿತ್ತು. "ಅಲ್ಲಿ ದೊಡ್ಡ ಗುಡಿ ಇದೆಯಲ್ಲ, ಅದರ ಸ್ಟೆಪ್ಸ್ ಇದೆಯಾ ನಿನ್ನ ಹತ್ತಿರ?" ಎಂದಳು.

ಇದೆ ಎಂದೆ. ಭೋಗನಂದೀಶ್ವರ. ಒಂಬತ್ತನೆಯ ಶತಮಾನದ ಮೊದಲಿಗೇ ಅದಕ್ಕೆ ಶಾಸನದ ಆಧಾರ ಸಿಗುತ್ತದೆ. ಬಾಣ ಅರಸನ ರಾಣಿ ರತ್ನಾವಳಿ ಇಲ್ಲಿ ಗುಡಿ ಕಟ್ಟಿಸಿದಳೆಂದು ರಾಷ್ಟ್ರಕೂಟರ ಕಾಲದ ತಾಮ್ರಪಟದಲ್ಲಿ ಹೆಸರು ಸಮೇತ ಇದೆ.

"ಹೆಂಗಸಿನ ಹೆಸರು ಬರೆದಿದ್ದಾರೆ, ಪರವಾಗಿಲ್ಲ" ಎಂದು ಎದ್ದಳು.

ಇಳಿಯಲು ಬಸ್ಸಿತ್ತು. ನನ್ನ ಎಡಮಂಡಿ ಆಗಲೇ ಊದಿಕೊಂಡಿತ್ತು. ಅವಳು ಕೇಳಲಿಲ್ಲ. 1148ಕ್ಕೂ 1175ಕ್ಕೂ ನಡುವೆ ಇಪ್ಪತ್ತೇಳು ಮೆಟ್ಟಿಲು ಎಲ್ಲಿ ಹೋದವೆಂದು ತಿಳಿಯದೆ ಊಟ ಸೇರುವುದಿಲ್ಲವೆಂದಳು. "ಈ ಸಲ ನೀನೂ ಎಣಿಸು. ಮನಸ್ಸಿನಲ್ಲೇ. ನನಗೆ ಹೇಳಬೇಡ. ಕೆಳಗೆ ಹೋದ ಮೇಲೆ ತಾಳೆ ನೋಡೋಣ."

ಎಣಿಸಿದೆ. ಇಳಿಯುವುದು ಹತ್ತುವುದಕ್ಕಿಂತ ಕಷ್ಟ. ಪ್ರತಿ ಕಲ್ಲಿನ ಮೇಲೂ ಕಾಲು ನಡುಗುತ್ತಿತ್ತು. ಜಾರುವ ಕಡೆಯಲ್ಲೆಲ್ಲ ಅವಳು ಕೆಳಗಿನ ಮೆಟ್ಟಿಲಲ್ಲಿ ನಿಂತು ಭುಜ ಕೊಟ್ಟಳು. ಸುಲ್ತಾನಪೇಟೆ ಮುಟ್ಟುವಾಗ ಬಿಸಿಲು ಇಳಿದಿತ್ತು. ಅವಳ ಲೆಕ್ಕ 1163, ನನ್ನದು 1181. ಬೆಳಿಗ್ಗೆ ಮಾತಾಡಿಸಿದ ಹೆಂಗಸು ಅಲ್ಲೇ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಾ ಕೂತಿದ್ದಳು. ಎಷ್ಟು ಮೆಟ್ಟಿಲಮ್ಮಾ ಎಂದು ಕೇಳಿದೆವು. "ನಾವೇನು ಎಣಿಸಿದ್ದೀವಾ ತಾಯಿ, ಸಾವಿರ ಅಂತಾರೆ" ಎಂದಳು.

ಗೆಳತಿ ನನ್ನ ಮುಖ ನೋಡಿದಳು. ಚೀಟಿಯೊಂದರ ಮೇಲೆ ಮೂರೂ ಅಂಕಿ ಬರೆದು, ಪಕ್ಕದಲ್ಲಿ ತಾರೀಖು ಹಾಕಿ, ಯಾವುದು ಹತ್ತುವಾಗ, ಯಾವುದು ಇಳಿಯುವಾಗ, ಯಾರದು ಯಾವುದು ಎಂದು ಗುರುತು ಮಾಡಿ ಪರ್ಸಿನಲ್ಲಿಟ್ಟುಕೊಂಡಳು. ಯುಗಾದಿ ಕಳೆದ ಮೇಲೆ, ಗುಂಡಿಗಳನ್ನೂ ಸೇರಿಸಿ ಇನ್ನೊಂದು ಸಲ ಎಣಿಸಬೇಕಂತೆ.